ಪರದೆಯ ಮೇಲೂ ಎರಡು ಕೋಣೆ

ಮಂಗಳವಾರದ ಪಾಠ ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ ಲಟಾಯ್ ಮಾಯವಾಗಿಬಿಡುತ್ತಿದ್ದಳು. ಹಾಜರಿ ಕರೆದಾಗ "ಇದೀನಿ ಟೀಚರ್" ಅನ್ನುತ್ತಿದ್ದಳು. ಹಿಂದಿನ ಗುರುವಾರದ ಪಾಠದಲ್ಲಿ ಪ್ರಶ್ನೆ ಕೇಳಿದರೆ ಉತ್ತರವನ್ನೂ ಕೊಡುತ್ತಿದ್ದಳು. ಕಲೋಲೈನೆ ಟೀಚರ್ ಕನ್ನಡಕ ಸರಿಮಾಡಿಕೊಂಡು ಹೊಸ ಪಾಠ ತೆಗೆಯುವ ಹೊತ್ತಿಗೆ ನೋಡಿದರೆ ಪರದೆಯ ಮೇಲೆ ಅವಳ ಚೌಕ ಖಾಲಿ. ಒಂದು ವಾರವಲ್ಲ, ಎರಡು ವಾರವಲ್ಲ, ಸಾಲಾಗಿ ಮೂರು ಮಂಗಳವಾರ ಹೀಗೆಯೇ ಆಯಿತು.

ನೆಟ್ ಹೋಗಿರಬೇಕು ಅಂದುಕೊಂಡರು ಟೀಚರ್. ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾದಲ್ಲಿ ಯಾರು ಯಾವುದಕ್ಕೆ ತಪ್ಪಿಸಿಕೊಂಡರೂ ಈಗ ಅದೇ ಕಾರಣ. ಸಭೆಗೆ ಬರಲಿಲ್ಲವೇ, ನೆಟ್ ಇರಲಿಲ್ಲ. ಚರ್ಚಿನ ಹಾಡಿನ ಅಭ್ಯಾಸಕ್ಕೆ ಬರಲಿಲ್ಲವೇ, ಅದಕ್ಕೂ ನೆಟ್ ಇರಲಿಲ್ಲ. ಹಾಡುವುದಕ್ಕೆ ನೆಟ್ ಯಾಕಪ್ಪಾ ಬೇಕು ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವವರು ಅಲ್ಲಿ ಯಾರೂ ಇಲ್ಲ. ಬಾಯಿಬಿಟ್ಟು ಹೇಳಲಾಗದ ಕಾರಣ ಏನಾದರೂ ಇದ್ದೀತು ಎಂದು ಸುಮ್ಮನಾಗುತ್ತಾರೆ.

ಕಲೋಲೈನೆ ಇಪ್ಪತ್ತು ವರ್ಷ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವರು. ಆಮೇಲೆ ರಾಜಧಾನಿ ನುಕುಅಲೋಫಾದ ಆರೋಗ್ಯ ತರಬೇತಿ ಶಾಲೆಯೊಂದಕ್ಕೆ ಪಾಠ ಹೇಳಲು ಬಂದು ಹತ್ತು ವರ್ಷವಾಗಿತ್ತು. ದೂರದ ದ್ವೀಪಗಳ ಹುಡುಗ ಹುಡುಗಿಯರು ಮೊದಲೆಲ್ಲ ಹಡಗು ಹತ್ತಿ ರಾಜಧಾನಿಗೇ ಬಂದು, ನೆಂಟರ ಮನೆಯಲ್ಲಿ ಉಳಿದು ಕಲಿಯುತ್ತಿದ್ದರು. ಈ ವರ್ಷದಿಂದ ಹದಿನೆಂಟು ಜನ ಅವರವರ ಊರಲ್ಲೇ ಕೂತು, ಕಂಪ್ಯೂಟರಿನಲ್ಲೋ ಫೋನಿನಲ್ಲೋ ಪಾಠ ಕೇಳಿ ಆರೋಗ್ಯ ಸಹಾಯಕರಾಗಬೇಕು ಎಂಬ ಹೊಸ ಏರ್ಪಾಡು. ಟೀಚರು ಹಳೇ ಕಾಲದವರು. ಹಿರಿಯರ ಮುಂದೆ, ಕೆಲಸದ ಹೊತ್ತಿನಲ್ಲಿ ಮರ್ಯಾದೆಗೆಂದು ಸೊಂಟಕ್ಕೆ ಕಟ್ಟುವ ಹೆಣೆದ ಪಟ್ಟಿ ಇಲ್ಲದೆ ಪಾಠಕ್ಕೆ ಕೂರುತ್ತಿರಲಿಲ್ಲ. ಕ್ಯಾಮೆರಾದಲ್ಲಿ ಸೊಂಟ ಕಾಣುವುದಿಲ್ಲ ಎಂದು ಯಾರಾದರೂ ಅಂದರೆ, ನನಗೆ ಕಾಣುತ್ತಲ್ಲ ಅನ್ನುತ್ತಿದ್ದರು.

ಲಟಾಯ್ ಹಾಪಾಯ್ ದ್ವೀಪಸಮೂಹದ ಒಂದು ಪುಟ್ಟ ದ್ವೀಪದವಳು. ಅಲ್ಲಿ ನಲವತ್ತು ಮನೆ, ಒಂದು ಚರ್ಚು, ಒಂದು ದೋಣಿಕಟ್ಟೆ. ಅಲ್ಲಿದ್ದ ಹಳೆಯ ಆರೋಗ್ಯ ಸಹಾಯಕಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಏರಿಸಲೂ ಆಗುತ್ತಿರಲಿಲ್ಲ. ಆಸ್ಪತ್ರೆಗೆ ದೋಣಿಯಲ್ಲಿ ಅರ್ಧ ದಿನ, ಸಮುದ್ರ ಒರಟಾದರೆ ಅದೂ ಇಲ್ಲ. ಊರಿನಲ್ಲಿ ಆಗ ಮೂವರು ಬಸುರಿಯರಿದ್ದರು. ಲಟಾಯ್ ಈ ವರ್ಷ ಪಾಸಾದರೆ ಆ ದ್ವೀಪಕ್ಕೆ ಒಬ್ಬಳು ಸಿಕ್ಕಳು, ಇಲ್ಲದಿದ್ದರೆ ಮುಂದಿನ ಎರಡು ವರ್ಷ ಯಾರೂ ಇಲ್ಲ. ಶಾಲೆಯ ನಿಯಮವೋ ಬಲು ಬಿಗಿ. ಹೆರಿಗೆಯ ಪಾಠಗಳಲ್ಲಿ ನಾಲ್ಕು ತಪ್ಪಿದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಅವಳಿಗೆ ತಪ್ಪಿದ್ದು ಆಗಲೇ ಮೂರು, ಮೂರೂ ಹೆರಿಗೆಯ ಪಾಠಗಳೇ. ಮುಂದಿನ ಮಂಗಳವಾರವೂ ಎದ್ದು ಹೋದಳೆಂದರೆ ಮುಗಿಯಿತು.

ಅದೇ ವಾರ ಶಾಲೆಯಲ್ಲಿ ಇನ್ನೊಂದು ತೀರ್ಮಾನವೂ ಬಾಕಿ ಇತ್ತು. ವಿಡಿಯೊ ಪಾಠಕ್ಕೆ ಯಾವ ಆ್ಯಪ್ ಇಟ್ಟುಕೊಳ್ಳುವುದು ಅನ್ನುವುದು. ಎರಡನ್ನು ಬಳಸಿ ನೋಡಲೆಂದು ತಂದಿದ್ದರು. ಅವಕ್ಕೆ ಏನೇನೋ ಹೆಸರಿದ್ದವು, ಆದರೆ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಎಸೇಟಾ ಒಂದನ್ನು 'ದೊಡ್ಡದು' ಅಂತಲೂ ಇನ್ನೊಂದನ್ನು 'ಹಗುರದ್ದು' ಅಂತಲೂ ಕರೆದು, ಶಾಲೆಗೆಲ್ಲ ಅದೇ ಹೆಸರು ಹತ್ತಿಸಿಬಿಟ್ಟಿದ್ದಳು. ಪಾಠ ಹೇಳುವವರೇ ಆರಿಸಲಿ ಎಂದು ಪ್ರಿನ್ಸಿಪಾಲ್ ತಾನಿಯೇಲಾ ಆ ಹೊರೆಯನ್ನು ಕಲೋಲೈನೆಯ ಹೆಗಲಿಗೆ ಹಾಕಿದ್ದರು. ಹಾಗಂದರೂ, ದೊಡ್ಡದನ್ನೇ ಆರಿಸಿದರೆ ಒಳ್ಳೆಯದು ಎನ್ನುವುದು ಅವರ ಮುಖದ ಮೇಲೆ ಬರೆದಿತ್ತು. ಹೊರದೇಶದ ಯಾವುದೋ ಸಭೆಯಲ್ಲಿ ಅದನ್ನು ನೋಡಿ ಬಂದು ಮನಸೋತಿದ್ದರು.

ಮನಸೋತವರು ಅವರೊಬ್ಬರೇ ಅಲ್ಲ. ಕಲೋಲೈನೆಗೂ ದೊಡ್ಡದೇ ಇಷ್ಟ, ಅಲ್ಲಿಯವರೆಗಿನ ಪಾಠಗಳನ್ನೂ ಅದರಲ್ಲೇ ಹೇಳಿದ್ದರು. ಹದಿನೆಂಟು ಮುಖಗಳೂ ಸಾಲು ಸಾಲಾಗಿ, ಕೈ ಚಾಚಿದರೆ ಮುಟ್ಟಬಹುದು ಅನ್ನುವಷ್ಟು ಸ್ಪಷ್ಟವಾಗಿ ಪರದೆ ತುಂಬ ಕೂತಿರುತ್ತಿದ್ದವು. ಯಾರೂ ಕ್ಯಾಮೆರಾ ಮುಚ್ಚಿಕೊಳ್ಳುವ ಹಾಗಿರಲಿಲ್ಲ. ಜೀವಮಾನವೆಲ್ಲ ಬಸುರಿಯರ ಕೈ ಹಿಡಿದು, ಕಲಿಯುವವರ ಹೆಗಲು ತಟ್ಟಿ ಕೆಲಸ ಮಾಡಿದ ಹೆಂಗಸಿಗೆ ಒಂದು ಯಂತ್ರದ ಮುಂದೆ ಕೂತು ಮಾತಾಡುವುದೆಂದರೆ ಒಳಗೊಳಗೇ ಒಂಟಿತನ. ಆ ಮುಖಗಳು ಕಂಡರೆ ಜೀವಕ್ಕೆ ಸಮಾಧಾನವಾಗುತ್ತಿತ್ತು. ಹಗುರದ್ದರಲ್ಲಿ ಮುಖಗಳು ಅಂಚೆಚೀಟಿಯಷ್ಟು, ಬೇಡ ಅಂದವರದು ಅದೂ ಇಲ್ಲ.

ಬುಧವಾರ ಬೆಳಿಗ್ಗೆ ಇದನ್ನೆಲ್ಲ ಎಸೇಟಾಳ ಮುಂದೆ ಹೇಳಿಕೊಂಡರು. ಎಸೇಟಾ ಅವರ ಓರಗೆಯವಳು, ಜೊತೆಯಲ್ಲಿ ಬೆಳೆದವಳು. ಈ ಕೋಣೆಗೆ ಬರುವ ಮುಂಚೆ ಬಂದರಿನ ರೇಡಿಯೊ ಮುಂದೆ ಕೂತು ದ್ವೀಪ ದ್ವೀಪಕ್ಕೂ ಸುದ್ದಿ ಮುಟ್ಟಿಸುತ್ತಿದ್ದಳು. ದನಿ ಕೇಳಿದರೆ ಸಾಕು, ಯಾವ ದ್ವೀಪದ ಯಾರ ಮಗ ಎಂದು ಹೇಳಿಬಿಡುತ್ತಿದ್ದಳು. ನಾಲಗೆ ಸ್ವಲ್ಪ ಹರಿತ.

"ಕಲೋ, ನೀನು ಆ್ಯಪನ್ನ ಇಲ್ಲಿ ಕೂತು ನೋಡಿದೀಯ, ಅಲ್ಲಿ ಕೂತು ನೋಡಿಲ್ಲ," ಅಂದಳು ಎಸೇಟಾ. "ಪಾಠ ಕೇಳೋರು ಇರೋದು ಅಲ್ಲಿ."

ಹಾಗಂದವಳೇ ತನ್ನ ಹಳೇ ಫೋನನ್ನು ಟೀಚರ ಕೈಗೆ ತುರುಕಿ, ಶಾಲೆಯ ಹಿಂದಿನ ಹಲಸಿನಂಥ ಕಾಯಿ ಬಿಡುವ ದೊಡ್ಡ ಮರದಡಿಗೆ ಅಟ್ಟಿದಳು. ಅಲ್ಲಿ ಸಿಗ್ನಲ್ ಒಂದು ಗೆರೆ ಬಂದರೆ ಪುಣ್ಯ. ತಾನು ಒಳಗೆ ಕೂತು ದೊಡ್ಡದರಲ್ಲಿ ಪಾಠ ಹೇಳುವವಳ ಹಾಗೆ ಗಾಯ ತೊಳೆಯುವ ಕ್ರಮ ಹೇಳತೊಡಗಿದಳು. ಮರದಡಿ ಕೂತ ಟೀಚರಿಗೆ ಮೊದಲು ಎಸೇಟಾಳ ಮುಖ ಕಂಡಿತು, ಆಮೇಲೆ ಬಾಯಿ ತೆರೆದುಕೊಂಡೇ ಕಲ್ಲಾಗಿ ನಿಂತಿತು. ಮಾತು ಒಂದು ತುಂಡು ಬಂದರೆ ಎರಡು ತುಂಡು ಬರಲಿಲ್ಲ. ಗಾಯ ತೊಳೆಯಲು ಉಪ್ಪುನೀರೋ ಸಮುದ್ರದ ನೀರೋ ಎಂಬುದೇ ತಿಳಿಯದೆ ಎದ್ದು ಬಂದರು. ಆಮೇಲೆ ಅದೇ ಮರದಡಿ ಹಗುರದ್ದರಲ್ಲಿ ಕೇಳಿದಾಗ ಚಿತ್ರ ಇರಲಿಲ್ಲ, ಮಾತು ಮಾತ್ರ ಒಂದಕ್ಷರ ಬಿಡದೆ ಬಂತು. ಟೀಚರ್ ಅಷ್ಟಕ್ಕೆಲ್ಲ ಸೋಲುವ ಪೈಕಿಯಲ್ಲ. ದ್ವೀಪಗಳಿಗೆ ಹೊಸ ಟವರ್ ಬರುತ್ತಿದೆಯಂತೆ, ಇನ್ನೇನು ಸರಿಹೋಗುತ್ತೆ ಬಿಡು ಅಂದರು. ಟವರ್ ಬರುವ ತನಕ ಮಕ್ಕಳು ಹುಟ್ಟದೆ ಕಾಯ್ತಾವೇನೋ ಎಂದು ಎಸೇಟಾ ಮೆಲ್ಲಗೆ ಅಂದದ್ದನ್ನು ಕೇಳಿಸಿಕೊಳ್ಳದವರ ಹಾಗೆ ಹೋಗಿಬಿಟ್ಟರು.

ಆದರೆ ಆ ಮಾತು ನಾಟಿತ್ತು. ಗುರುವಾರ ಅವರೇ ಲಟಾಯ್‌ಗೆ ಫೋನ್ ಮಾಡಿದರು. ಯಾಕಮ್ಮ, ಮಂಗಳವಾರ ಮಂಗಳವಾರ ಎದ್ದು ಹೋಗುತ್ತೀಯ ಎಂದು ಕೇಳಿದರು. ನೆಟ್ ಟೀಚರ್ ಅಂದಳು. ಇನ್ನೊಂದು ಪಾಠ ತಪ್ಪಿದರೆ ಏನಾಗುತ್ತೆ ಗೊತ್ತಲ್ಲ ಅಂದರು. ಗೊತ್ತು ಟೀಚರ್ ಅಂದಳು. ಆ ದನಿಯಲ್ಲಿ ಸೋಮಾರಿತನ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಅಳು ನುಂಗಿಕೊಂಡ ಹಾಗಿತ್ತು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ನುಂಗಿದ ಅಳು ತಿಳಿಯದೆ ಇರುತ್ತದೆಯೇ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಮಲಾಕಾಯ್ ಎಂಬ ವಿದ್ಯಾರ್ಥಿ ತರಬೇತಿ ಬಿಡುತ್ತೇನೆ ಎಂದು ಸಂದೇಶ ಕಳಿಸಿದ್ದ. ಅವನು ವವಾಉ ಎಂಬ ಇನ್ನೊಂದು ದ್ವೀಪಸಮೂಹದವನು, ಮೀನು ಹಿಡಿಯುತ್ತಿದ್ದವನು, ಎರಡು ಮಕ್ಕಳ ತಂದೆ. ಗಾಯಕ್ಕೆ ಪಟ್ಟಿ ಸುತ್ತುವುದರಲ್ಲಿ ಇಡೀ ತರಗತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ಮನೆ ಕಡೆ ಕೆಲಸ ಬಂದಿದೆ. ತಮ್ಮ ಕ್ಷಮೆ ಕೋರುತ್ತೇನೆ" ಎಂದು ಎರಡೇ ಸಾಲು.

ಟೀಚರ್ ಆ ಫೋನನ್ನು ಹಾಗೇ ಹಿಡಿದುಕೊಂಡು ಎಸೇಟಾಳ ಮುಂದೆ ಹೋಗಿ ಕುಸಿದು ಕೂತರು. ನನ್ನ ಪಾಠವೇ ಕೆಟ್ಟದಾಗಿದೆಯೋ ಏನೋ, ಒಬ್ಬೊಬ್ಬರೇ ಕಳಚಿಕೊಳ್ಳುತ್ತಿದ್ದಾರೆ ಅಂದರು. ಎಸೇಟಾ ಸಮಾಧಾನದ ಮಾತು ಹೇಳುವವಳಲ್ಲ. ಸುಮ್ಮನೆ ಕಂಪ್ಯೂಟರಿನ ಕಡೆ ತಿರುಗಿ, ಯಾರು ಯಾವ ಹೊತ್ತಿಗೆ ಬಂದರು, ಯಾವ ಹೊತ್ತಿಗೆ ಹೋದರು ಎಂದು ಆ್ಯಪ್ ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ತೆಗೆದಳು. ಮೊದಲ ಮಂಗಳವಾರ ಲಟಾಯ್ ಹೋದದ್ದು ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ. ಅದೇ ದಿನ ಅದೇ ನಿಮಿಷಕ್ಕೆ ಮಲಾಕಾಯ್ ಕೂಡ ಹೋಗಿದ್ದ; ಲಟಾಯ್‌ಳ ಚಿಂತೆಯಲ್ಲಿ ಅವನ ಚೌಕವೂ ಖಾಲಿಯಾದದ್ದನ್ನು ಟೀಚರ್ ಗಮನಿಸಿಯೇ ಇರಲಿಲ್ಲ. ಎರಡನೆಯ ಮಂಗಳವಾರವೂ ಅಷ್ಟೆ, ಮೂರನೆಯದೂ ಅಷ್ಟೆ. ಗಾಯದ ಪಾಠ, ಸಕ್ಕರೆ ಕಾಯಿಲೆಯ ಪಾಠ ಇದ್ದ ಗುರುವಾರಗಳಲ್ಲಿ ಮಾತ್ರ ಇಬ್ಬರೂ ಕೊನೆಯವರೆಗೆ ಕೂತಿದ್ದರು.

"ಎರಡು ದ್ವೀಪದ ನೆಟ್ ಒಂದೇ ನಿಮಿಷಕ್ಕೆ ಹೋಗುತ್ತೇನೇ?" ಅಂದಳು ಎಸೇಟಾ. ಆಮೇಲೆ ಸ್ವಲ್ಪ ತಡೆದು, "ಇವರಿಬ್ಬರ ತಾಯಂದಿರು ಯಾರು ಅಂತ ಗೊತ್ತಾ ನಿಂಗೆ?"

ಕಲೋಲೈನೆಗೆ ಗೊತ್ತಿರಲಿಲ್ಲ. ಎಸೇಟಾಗೆ ಗೊತ್ತಿತ್ತು. ಹಿಂದೆ ಒಂದು ಮುಂಜಾನೆ ಒಬ್ಬ ಮುದುಕಿ ತೀರಿಕೊಂಡ ಸುದ್ದಿಯನ್ನು ರೇಡಿಯೊದಲ್ಲಿ ಎರಡು ದ್ವೀಪಕ್ಕೆ ಹೇಳಿದವಳೇ ಅವಳು. ಒಂದು ಹಿರಿಮಗಳಿಗೆ, ಒಂದು ಕಿರಿಮಗಳಿಗೆ. ಹಿರಿಮಗಳ ಮಗ ಮಲಾಕಾಯ್. ಕಿರಿಮಗಳ ಮಗಳು ಲಟಾಯ್. ದೊಡ್ಡಮ್ಮನ ಮಗ ಅಂದರೆ ಅಣ್ಣನೇ, ಅದರಲ್ಲಿ ಎರಡು ಮಾತಿಲ್ಲ.

ಕಲೋಲೈನೆಯ ಮುಖ ಕಿವಿಯವರೆಗೂ ಬಿಸಿಯಾಯಿತು. ಅವರ ನಾಡಿನಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಒಂದು ಸೂರಿನಡಿ ಮಲಗುವುದಿಲ್ಲ, ಒಂದೇ ಕೋಣೆಯಲ್ಲಿ ಕೂತು ತಮಾಷೆ ಮಾಡುವುದಿಲ್ಲ. ಟಿವಿಯಲ್ಲಿ ಗಂಡು ಹೆಣ್ಣು ಸ್ವಲ್ಪ ಹತ್ತಿರ ನಿಂತರೂ ಸಾಕು, ಇಬ್ಬರಲ್ಲಿ ಒಬ್ಬರಿಗೆ ಬಾಯಾರಿಕೆಯಾಗಿ ಎದ್ದು ಹೋಗುತ್ತಾರೆ. ತಂಗಿಗೆ ಅಣ್ಣ ಕೊಡುವ ಮರ್ಯಾದೆ ಅದು. ಅದನ್ನು ಯಾರೂ ಹೇಳಿ ಕಲಿಸುವುದೂ ಇಲ್ಲ. ಅಂಥವರಿಬ್ಬರನ್ನು ಅಕ್ಕಪಕ್ಕದ ಚೌಕದಲ್ಲಿ ಕೂರಿಸಿ, ಕ್ಯಾಮೆರಾ ಮುಚ್ಚಬಾರದೆಂದು ಕಟ್ಟಪ್ಪಣೆ ಮಾಡಿ, ಹೆಣ್ಣಿನ ದೇಹದ ಚಿತ್ರ ತೆರೆದು, ಹೆರಿಗೆಯ ಒಂದೊಂದು ಹಂತವನ್ನೂ ಬಿಡಿಸಿ ಹೇಳಿದ್ದರು ಕಲೋಲೈನೆ. ಅದೂ ಮೂರು ವಾರ.

ಗೊತ್ತಿಲ್ಲದವರು ಮಾಡಿದ್ದರೆ ಬೇರೆ ಮಾತು. ಶಾಲೆಯ ಕಟ್ಟಡದಲ್ಲಿ ಪಾಠ ನಡೆಯುತ್ತಿದ್ದ ಹತ್ತು ವರ್ಷವೂ ಮೊದಲ ದಿನ ಅವರು ಕೇಳುತ್ತಿದ್ದದ್ದೇ ಆ ಪ್ರಶ್ನೆ. ಇಲ್ಲಿ ಯಾರು ಯಾರಿಗೆ ಅಣ್ಣ, ಯಾರು ಯಾರಿಗೆ ತಂಗಿ? ಹೆರಿಗೆಯ ಪಾಠ ಬಂದಾಗ ಗಂಡಸರನ್ನು ಹಿಂದಿನ ಜಗಲಿಗೆ ಕಳಿಸಿ, ಗಂಡು ನರ್ಸ್ ಒಬ್ಬರಿಂದ ಅದೇ ಪಾಠ ಹೇಳಿಸುತ್ತಿದ್ದರು. ಈ ವರ್ಷ ಕೇಳಲಿಲ್ಲ. ಒಬ್ಬರು ಹಾಪಾಯ್‌ನಲ್ಲಿ, ಒಬ್ಬರು ವವಾಉನಲ್ಲಿ, ನಡುವೆ ಇಡೀ ಸಮುದ್ರವೇ ಇದೆ, ಇನ್ನು ಕೋಣೆಯ ಮಾತೆಲ್ಲಿ ಬಂತು ಅಂದುಕೊಂಡಿದ್ದರು. ಪರದೆಯೂ ಒಂದು ಕೋಣೆಯೇ ಎಂದು ಹೊಳೆಯಲೇ ಇಲ್ಲ.

ಮಲಾಕಾಯ್‌ಗೆ ಫೋನ್ ಮಾಡಿದರು. ಮನೆಯ ಕೆಲಸ ಯಾವುದು ಎಂದು ಕೇಳಲು ಮಾಡಲಿಲ್ಲ, ತಪ್ಪು ನನ್ನದೇ, ಅದನ್ನು ಹೇಳಲು ಮಾಡಿದೆ ಅಂದರು. ಆ ಕಡೆ ಎಲ್ಲೋ ಕೋಳಿ ಕೂಗುವುದು ಕೇಳುತ್ತಿತ್ತು.

"ತಪ್ಪೇನಿಲ್ಲ ಟೀಚರ್," ಅಂದ ಅವನು. "ಒಬ್ರು ಎದ್ದು ಹೋದ್ರೆ ಇನ್ನೊಬ್ರು ಕೂತು ಕೇಳ್ಬೋದಲ್ಲ ಅಂತ ನಾನು ಎದ್ದು ಹೋಗ್ತಿದ್ದೆ. ನಾಲ್ಕನೇ ಪಾಠಾನೂ ಬಿಡ್ಬೇಕಾಗುತ್ತಲ್ಲ, ಅದಕ್ಕೆ ತರಬೇತೀನೇ ಬಿಡ್ತೀನಿ ಅಂದೆ. ನಮ್ಮೂರಿಗೆ ಆಸ್ಪತ್ರೆ ಹತ್ರ ಇದೆ, ನಾನಿಲ್ದಿದ್ರೂ ನಡೆಯುತ್ತೆ. ಆ ದ್ವೀಪಕ್ಕೆ ಬೇರೆ ಯಾರೂ ಇಲ್ಲ." ತಂಗಿಯ ಹೆಸರನ್ನು ಅವನು ಎತ್ತಲಿಲ್ಲ. "ಮೂರು ವಾರದಿಂದ ಅವರಾದ್ರೂ ನಿಶ್ಚಿಂತೆಯಾಗಿ ಕಲೀತಿದಾರಲ್ಲ ಅಂತ ಸಮಾಧಾನ ನಂಗೆ."

ಟೀಚರ್ ಸುಳ್ಳು ಹೇಳಿ ಆ ಸಮಾಧಾನವನ್ನು ಉಳಿಸಬಹುದಿತ್ತು. ಹೇಳಲಿಲ್ಲ.

"ಕಲೀತಿಲ್ಲ ಕಣಪ್ಪ," ಅಂದರು. "ನೀನು ಎದ್ದ ನಿಮಿಷವೇ ಅವಳೂ ಎದ್ದಿದಾಳೆ. ನೀನು ಕೂತಿರ್ತೀಯ ಅಂದ್ಕೊಂಡು."

"ಮೂರು ವಾರಾನೂ?"

"ಮೂರು ವಾರಾನೂ."

ಸಮುದ್ರದಲ್ಲಿ ಬಿರುಗಾಳಿ ಕಂಡ ಗಂಡಸು, ಫೋನಿನ ಆ ತುದಿಯಲ್ಲಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಈಗೇನು ಮಾಡಲಿ ಎಂದು ಕೇಳಿದ. ನೀನು ಏನೂ ಮಾಡಬೇಡ, ತರಬೇತಿ ಬಿಡಬೇಡ ಅಷ್ಟೆ, ಮಿಕ್ಕದ್ದು ನನ್ನ ಕೆಲಸ ಎಂದು ಹೇಳಿ ಫೋನ್ ಇಟ್ಟರು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಎಸೇಟಾ ಪರದೆ ಒರೆಸುವ ಬಟ್ಟೆಯನ್ನೇ ಅವರ ಕೈಗೆ ಕೊಟ್ಟು, ಅತ್ತದ್ದು ಮುಗಿದ ಮೇಲೆ ಎದ್ದು ಬಾ, ತೋರಿಸೋದಿದೆ ಅಂದಳು.

ಅವಳು ತೋರಿಸಿದ್ದು ಹಗುರದ್ದರಲ್ಲಿದ್ದ ಒಂದು ಗುಂಡಿ. ಅದನ್ನು ಒತ್ತಿದರೆ ತರಗತಿ ಎರಡಾಗುತ್ತಿತ್ತು, ಮೂರು ಬೇಕೆಂದರೆ ಮೂರು. ಈ ಕೋಣೆಯವರಿಗೆ ಆ ಕೋಣೆಯವರ ಮುಖ ಕಾಣದು, ಮಾತು ಕೇಳದು, ಹೆಸರು ಕೂಡ ತೋರದು. ಯಾರು ಯಾವ ಕೋಣೆಗೆ ಎಂದು ಕಳಿಸುವ ಅಧಿಕಾರ ಪಾಠ ಹೇಳುವವರದ್ದು. ದೊಡ್ಡದರಲ್ಲಿ ಎಷ್ಟು ಹುಡುಕಿದರೂ ಅಂಥ ಗುಂಡಿ ಇರಲಿಲ್ಲ. ಅದನ್ನು ಮಾಡಿದವರಿಗೆ ಎಲ್ಲರೂ ಒಟ್ಟಿಗೆ ಕೂರುವುದೇ ಚೆಂದ ಅನ್ನಿಸಿರಬೇಕು.

ಇಷ್ಟು ಕಂಡ ಮೇಲೂ ಟೀಚರ್ ಆತುರಪಡಲಿಲ್ಲ. ಒಂದು ಸಲ ಕೇಳದೆ ಕೆಟ್ಟದ್ದಾಗಿತ್ತಲ್ಲ. ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಕೂತು ಹದಿನೆಂಟು ಜನಕ್ಕೂ ಒಬ್ಬೊಬ್ಬರಿಗಾಗಿ ಫೋನ್ ಮಾಡಿದರು. ಪಾಠ ಯಾವುದರಲ್ಲಿ ಕೇಳುತ್ತೀರಿ, ಎಲ್ಲಿ ಕೂತು ಕೇಳುತ್ತೀರಿ, ಪಕ್ಕದಲ್ಲಿ ಯಾರಿರುತ್ತಾರೆ, ಯಾವ ಹೊತ್ತಿಗೆ ನೆಟ್ ಚೆನ್ನಾಗಿರುತ್ತೆ, ಯಾರ ಎದುರು ಮಾತಾಡಲು ಸಂಕೋಚ? ಹೀಗೆ ಕೇಳಿದಾಗ ಒಂದೊಂದೇ ಹೊರಬಂತು. ಒಬ್ಬಳು ಮಾವನ ಮನೆಯ ಹಜಾರದಲ್ಲಿ ಕೂತು ಕೇಳುತ್ತಿದ್ದಳು, ಕಿವಿಗೆ ಹಾಕಿಕೊಳ್ಳುವ ತಂತಿ ಇಲ್ಲದೆ ಇಡೀ ಮನೆಯೇ ಪಾಠ ಕೇಳಿಸಿಕೊಳ್ಳುತ್ತಿತ್ತು. ಇನ್ನೊಬ್ಬನದು ಪಾದ್ರಿಯ ಫೋನು, ಪಾದ್ರಿಗೆ ಬೇಕಾದಾಗ ಕೊಟ್ಟುಬಿಡಬೇಕು. ದೂರದ ಉತ್ತರದ ದ್ವೀಪದವಳಿಗೆ ಇಂಟರ್‌ನೆಟ್ಟೇ ಸರಿಯಾಗಿಲ್ಲ. ಸಾದಾ ಫೋನ್ ಕರೆ ಮಾಡಿಯೂ ಹಗುರದ್ದರ ತರಗತಿಗೆ ಸೇರಬಹುದು ಎಂದು ತಿಳಿದಾಗ ಅವಳು, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಟೀಚರ್ ಎಂದು ನಕ್ಕಳು. ಪಾಠದ ಧ್ವನಿ ಮುದ್ರಿಸಿ ಇಟ್ಟರೆ ಬೆಳಗಿನ ಜಾವ ನೆಟ್ ಖಾಲಿ ಇರುವಾಗ ಇಳಿಸಿಕೊಳ್ಳುತ್ತೇವೆ ಅಂದವರು ಐದಾರು ಜನ. ಹೆಂಗಸರ ಪಾಠದ ಧ್ವನಿ ಹೆಂಗಸರಿಗೆ ಮಾತ್ರ ಸಿಗುವ ಹಾಗೆ ಬೀಗ ಹಾಕಬಹುದೇ ಎಂದು ಟೀಚರ್ ಎಸೇಟಾಳನ್ನು ಕೇಳಿದರು. ಹಾಕಬಹುದಿತ್ತು.

ಕೊನೆಯ ಕರೆ ಲಟಾಯ್‌ಗೆ. ಅಣ್ಣನ ಮಾತನ್ನು ಟೀಚರ್ ತೆಗೆಯಲೇ ಇಲ್ಲ, ಅವಳೂ ತೆಗೆಯಲಿಲ್ಲ.

"ಮಂಗಳವಾರ ಹೆಂಗಸರ ಕೋಣೇಲಿ ಹನ್ನೊಂದೇ ಜನ ಇರ್ತೀರಿ," ಅಂದರು. "ಬಾಗಿಲು ನನ್ನ ಕೈಲಿರುತ್ತೆ. ಬೇರೆ ಯಾರಿಗೂ ನೀನು ಅಲ್ಲಿರೋದೇ ಗೊತ್ತಾಗಲ್ಲ."

"ಪರದೇಲಿ ಕೋಣೆ ಇರುತ್ತಾ ಟೀಚರ್?" ಎಂದು ಕೇಳಿದಳು ಲಟಾಯ್.

"ಇರುತ್ತಂತೆ ಕಣಮ್ಮ. ನಂಗೂ ನೆನ್ನೇನೆ ಗೊತ್ತಾಗಿದ್ದು."

ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋದರು. ತಾನಿಯೇಲಾ ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಹಗುರದ್ದು ನೋಡಲು ಬಡವಾಗಿದೆ, ಹೊರಗಿನವರು ನೋಡಿದರೆ ಏನಂದಾರು ಅಂದರು. ಮುಖ ಕಾಣದೆ ಪಾಠ ಹೇಳುವುದು ಹೇಗೆ, ಪಾಠ ಕೇಳುತ್ತಿದ್ದಾರೋ ಮೀನು ಹುರಿಯುತ್ತಿದ್ದಾರೋ ಯಾರಿಗೆ ಗೊತ್ತು ಅಂದರು. ಎರಡೆರಡು ಕೋಣೆಗೆ ಇಬ್ಬರಿಬ್ಬರು ಪಾಠ ಹೇಳಬೇಕಲ್ಲ ಅಂದರು. ಕಲೋಲೈನೆ ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ನಡುನಡುವೆ ಪ್ರಶ್ನೆ ಕೇಳಿದರೆ ಯಾರು ಕೇಳುತ್ತಿದ್ದಾರೆಂದು ತಿಳಿಯುತ್ತದೆ. ಮಾತಾಡಲು ನಾಚುವವರು ಬರೆದು ಕಳಿಸುತ್ತಾರೆ. ಗಂಡಸರ ಕೋಣೆಗೆ ನಿವೃತ್ತ ಗಂಡು ನರ್ಸ್ ಫೆಲೇಟಿ ಆಗಲೇ ಒಪ್ಪಿದ್ದಾರೆ. ಪ್ರಿನ್ಸಿಪಾಲರು ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದರು.

"ಒಂದೇ ಮಾತು ಕೇಳ್ತೀನಿ," ಅಂದರು ಕಲೋಲೈನೆ. "ಹೆರಿಗೆ ಪಾಠಕ್ಕೆ ನಿಮ್ಮನ್ನೂ ನಿಮ್ಮ ಅಕ್ಕನನ್ನೂ ಅಕ್ಕಪಕ್ಕದ ಚೌಕದಲ್ಲಿ ಕೂರಿಸಿದ್ರೆ ಎಷ್ಟು ಹೊತ್ತು ಕೂರ್ತೀರಿ?"

ತಾನಿಯೇಲಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಕಿಟಕಿಯ ಕಡೆ ನೋಡಿದರು, ಕೊರಳಪಟ್ಟಿ ಸಡಿಲ ಮಾಡಿಕೊಂಡರು, ಮತ್ತೆ ಕೂತರು. ಹಗುರದ್ದು ಅಂತಲೇ ಬರೆದುಕೊಳ್ಳಿ ಅಂದರು. ಆಮೇಲೆ ತುಂಬ ಮೆಲ್ಲಗೆ, ಆ ಹುಡುಗಿಗೆ ತಪ್ಪಿದ ಮೂರು ಪಾಠ ಇನ್ನೊಂದು ಸಲ ಹೇಳಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಆ ಹುಡುಗನಿಗೂ, ಎಂದು ಸೇರಿಸಿದರು.

ಮಂಗಳವಾರ ಬಂತು. ಬೆಳಿಗ್ಗೆ ಎಂಟಕ್ಕೇ ಎಸೇಟಾ ಎಲ್ಲರನ್ನೂ ಒಂದು ಸಲ ಒಳಗೆ ಕರೆದು, ಮಾತು ಕೇಳುತ್ತಿದೆಯೇ, ಬರೆಯುವುದು ಎಲ್ಲಿ, ಕೈ ಎತ್ತುವ ಗುರುತು ಎಲ್ಲಿ ಎಂದು ಅಭ್ಯಾಸ ಮಾಡಿಸಿದ್ದಳು. ಪಾಠದ ಹೊತ್ತಿನಲ್ಲಿ ತಡಕಾಡಬಾರದು ಎನ್ನುವುದು ರೇಡಿಯೊ ಕಾಲದಿಂದ ಬಂದ ಅವಳ ಕಟ್ಟುನಿಟ್ಟು. ಹತ್ತು ಗಂಟೆಗೆ ಕಲೋಲೈನೆ ಹಾಜರಿ ಕರೆಯಲಿಲ್ಲ. ಬಂದವರನ್ನು ಬಂದ ಹಾಗೆ ಅವರವರ ಕೋಣೆಗೆ ಕಳಿಸಿದರು. ಏಳು ಗಂಡಸರು ಫೆಲೇಟಿಯ ಕಡೆ ಹೋದರು, ಹನ್ನೊಂದು ಹೆಂಗಸರು ಇವರ ಕಡೆ ಉಳಿದರು. ನಾಲ್ಕು ಜನರ ಮುಖವಷ್ಟೇ ಕಾಣುತ್ತಿತ್ತು, ಮಿಕ್ಕವರದು ಬರೀ ಹೆಸರು. ಬಟ್ಟೆಯ ಬೊಂಬೆಯೊಂದನ್ನು ಹಿಡಿದು ಟೀಚರ್ ಪಾಠ ತೆಗೆದರು. ಒಂದು ಕಣ್ಣು ಬೊಂಬೆಯ ಮೇಲೆ, ಇನ್ನೊಂದು ಕಣ್ಣು ಗಡಿಯಾರದ ಮೇಲೆ. ಹತ್ತು ಗಂಟೆ ಹತ್ತು ನಿಮಿಷ. ಹನ್ನೊಂದು. ಹನ್ನೆರಡು. ಲಟಾಯ್ ಹೆಸರು ಅಲ್ಲೇ ಇತ್ತು.

ಕಾಲು ಗಂಟೆ ಕಳೆದ ಮೇಲೆ ಅವಳೇ ಮಾತಾಡಿದಳು. ಮಾತಾಡಲು ಶುರುಮಾಡಿದ ಮೇಲೆ ಅವಳನ್ನು ನಿಲ್ಲಿಸುವವರೇ ಇಲ್ಲ. ಮೂರು ವಾರದಿಂದ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಒಂದರ ಹಿಂದೆ ಒಂದು ಬಂದವು. ಹೊಕ್ಕುಳಬಳ್ಳಿ ಯಾವಾಗ ಕತ್ತರಿಸಬೇಕು, ರಕ್ತ ಎಷ್ಟು ಹೋದರೆ ಹೆಚ್ಚು, ತಾಯಿಗೆ ಚಳಿ ಬಂದರೆ ಏನು.

"ದೋಣಿ ಬರೋಕೆ ಮುಂಚೆ ಮಗು ಬಂದುಬಿಟ್ರೆ, ನಾನೊಬ್ಬಳೇ ಇದ್ರೆ, ಮೊಟ್ಟಮೊದಲು ಏನು ಮಾಡ್ಲಿ ಟೀಚರ್?"

"ಮೊದಲು ಮಗುನ ಚೆನ್ನಾಗಿ ಒರೆಸು," ಅಂದರು ಕಲೋಲೈನೆ. "ಒರೆಸಿ ತಾಯಿ ಎದೆ ಮೇಲೆ ಮಲಗಿಸಿ ಬೆಚ್ಚಗೆ ಹೊದಿಸು. ಗಾಬರಿ ಆಗ್ಬೇಡ. ಬೊಂಬೆ ನೋಡು, ಹೀಗೆ."

ಅವಳು ನೋಡಿದಳು. ಆ ಹೊತ್ತಿಗೆ ತನ್ನ ಕ್ಯಾಮೆರಾವನ್ನೂ ತೆರೆದಿದ್ದಳು. ಅಂಚೆಚೀಟಿಯಷ್ಟು ಮುಖ, ಆದರೂ ಹಣೆ ಸುಕ್ಕು ಮಾಡಿಕೊಂಡು ಬರೆದುಕೊಳ್ಳುತ್ತಿರುವುದು ಕಾಣುತ್ತಿತ್ತು. ಟೀಚರಿಗೆ ಅಷ್ಟು ಸಾಕಾಯಿತು.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಫೋನಿಗೆ 'ಟಿಣ್' ಅಂತ ಸಂದೇಶ ಬಂತು. ಮಲಾಕಾಯ್‌ನದು. ಫೆಲೇಟಿ ಚೆನ್ನಾಗಿ ಹೇಳಿಕೊಟ್ಟರು ಎಂದು ಬರೆದಿದ್ದ. ತಾನು ಕೊನೆಯವರೆಗೂ ಕೂತಿದ್ದೆ ಎಂದು ಬರೆದಿದ್ದ. ಆಮೇಲೆ ಒಂದು ಸಾಲು ಬಿಟ್ಟು, "ಇವತ್ತು ಯಾರೂ ಎದ್ದು ಹೋಗಲಿಲ್ಲ ತಾನೇ ಟೀಚರ್?"

ಕಲೋಲೈನೆ ಕನ್ನಡಕ ತೆಗೆದು ಒರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು. "ಯಾರೂ ಹೋಗಲಿಲ್ಲ ಮಗ."

ನವೆಂಬರಿನಲ್ಲಿ ಇಬ್ಬರೂ ಪರೀಕ್ಷೆಗೆ ಕೂತರು, ಇಬ್ಬರೂ ಪಾಸಾದರು. ಆ ಪುಟ್ಟ ದ್ವೀಪದ ದೋಣಿಕಟ್ಟೆಯ ಪಕ್ಕದ ಚಿಕಿತ್ಸಾ ಕೋಣೆಯ ಬೀಗವನ್ನು ಈಗ ಲಟಾಯ್ ತೆಗೆಯುತ್ತಾಳೆ.

ಇದನ್ನು ಓದುತ್ತಿರುವ ಮೇಷ್ಟ್ರೇ, ಮೇಡಂ, ಸಂಘದಲ್ಲಿ ತರಬೇತಿ ಕೊಡುವ ಅಕ್ಕಂದಿರೇ, ನೀವೂ ನಾಳೆಯೋ ನಾಡಿದ್ದೋ ವಿಡಿಯೊ ಪಾಠಕ್ಕೆ ಒಂದು ಆ್ಯಪ್ ಆರಿಸಬೇಕಾಗಿ ಬರಬಹುದು. ಆ್ಯಪ್ ಮಾರುವವರು ಚೆಂದದ ಚಿತ್ರ ತೋರಿಸುತ್ತಾರೆ, ನೋಡಿ, ಬೇಡವೆನ್ನುವುದಿಲ್ಲ. ಆದರೆ ಒಪ್ಪುವ ಮುಂಚೆ ಅದನ್ನು ನಿಮ್ಮ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹಳೆಯ ಫೋನಿನಲ್ಲಿ, ಎಲ್ಲಿ ಸಿಗ್ನಲ್ ಕಡಿಮೆಯೋ ಅಲ್ಲಿ ಕೂತು ಒಂದು ಗಂಟೆ ನೀವೇ ಬಳಸಿ. ಚಿತ್ರ ಹೋದರೂ ಮಾತು ಉಳಿಯುತ್ತದೆಯೇ, ನೆಟ್ ಇಲ್ಲದವರು ಫೋನ್ ಕರೆಯಲ್ಲಿ ಸೇರಬಹುದೇ, ತಪ್ಪಿದ ಪಾಠ ಮತ್ತೆ ಕೇಳಲು ಸಿಗುತ್ತದೆಯೇ, ಬೇರೆ ಬೇರೆ ಕೋಣೆ ಮಾಡಲು ಬರುತ್ತದೆಯೇ ನೋಡಿಕೊಳ್ಳಿ. ಕ್ಯಾಮೆರಾ ತೆರೆಯಲೇಬೇಕೆಂದು ಯಾರನ್ನೂ ಬಲವಂತ ಮಾಡಬೇಡಿ, ಅವರ ಬೆನ್ನ ಹಿಂದೆ ಯಾರ ಮನೆಯಿದೆಯೋ ನಿಮಗೆ ಗೊತ್ತಿಲ್ಲ. ಒಮ್ಮೆ ಆರಿಸಿದ ಮೇಲೆ ವರ್ಷವಿಡೀ ಅದನ್ನೇ ಇಟ್ಟುಕೊಳ್ಳಿ, ತಿಂಗಳಿಗೊಂದು ಬದಲಾಯಿಸಿ ಅವರನ್ನು ಗೋಳು ಹೊಯ್ದುಕೊಳ್ಳಬೇಡಿ.

ಯಾರಾದರೂ ಪದೇ ಪದೇ ಎದ್ದು ಹೋಗುತ್ತಿದ್ದರೆ, ನೆಟ್ ಹೋಯಿತು ಅಂದರೆ, ಸುಮ್ಮನೆ ಗೈರುಹಾಜರಿ ಹಾಕಬೇಡಿ. ಒಂದು ಫೋನ್ ಮಾಡಿ, ಮೆಲ್ಲಗೆ ಕೇಳಿ. ಅವರು ಎದ್ದು ಹೋದದ್ದು ಇನ್ನೊಬ್ಬರು ಕೂತು ಕಲಿಯಲಿ ಎಂದಿರಬಹುದು.